ಜಿಕೆವಿಕೆಯೋ, ಮೂಡಿಗೆರೆಯೋ? ‘ಚಾಯ್ಸ್’ ಒತ್ತುವ ಮುನ್ನ

ಚಿಕ್ಕಮಗಳೂರು: ಮುಂಗಾರು ಹಿಡಿದು ಕಾಫಿ ತೋಟಗಳ ಕೆಲಸ ತುಸು ನಿಧಾನವಾಗುವ ಹೊತ್ತಿಗೆ ಮಲೆನಾಡಿನ ಮನೆಗಳಲ್ಲಿ ಇನ್ನೊಂದು ಲೆಕ್ಕಾಚಾರ ಆರಂಭವಾಗುತ್ತದೆ. ದ್ವಿತೀಯ ಪಿಯುಸಿ ಮುಗಿದಿದೆ, ಸಿಇಟಿ ರ‍್ಯಾಂಕ್ ಬಂದಿದೆ. ಮಗಳನ್ನು ಬೆಂಗಳೂರಿನ ಜಿಕೆವಿಕೆಗೆ ಬಿಎಸ್ಸಿ ಕೃಷಿ ಓದಲು ಕಳುಹಿಸುವುದೋ, ಅಥವಾ ಮೂಡಿಗೆರೆಯ ತೋಟಗಾರಿಕಾ ಮಹಾವಿದ್ಯಾಲಯಕ್ಕೆ ಸೇರಿಸುವುದೋ?

ಮೊದಲನೆಯದು 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಅಂಗಳ. ಎರಡನೆಯದು 2012ರಲ್ಲಿ ಹುಟ್ಟಿದ, ಈಗ ಕೆಳದಿ ಶಿವಪ್ಪ ನಾಯಕರ ಹೆಸರು ಹೊತ್ತಿರುವ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಎರಡಕ್ಕೂ ಬಾಗಿಲು ಒಂದೇ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ರ‍್ಯಾಂಕ್ ಬಂದಿತೆಂದರೆ ಪರೀಕ್ಷೆ ಮುಗಿಯಿತು ಎಂದು ಹೆಚ್ಚಿನ ಪೋಷಕರು ಭಾವಿಸುತ್ತಾರೆ. ಆದರೆ ಮಕ್ಕಳನ್ನು ನಿಜವಾಗಿ ಕಟ್ಟಿಹಾಕುವುದು ಅದರ ನಂತರದ ಎರಡು ಹೆಜ್ಜೆಗಳು: ಆಯ್ಕೆಗಳ ದಾಖಲಾತಿ, ಬಳಿಕ ‘ಚಾಯ್ಸ್’ ಸೂಚಿಸುವಿಕೆ.

ಕ್ರಮ ಹೀಗಿದೆ. ಅಭ್ಯರ್ಥಿಯು ತನಗೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಬೇಕು. ರ‍್ಯಾಂಕಿನ ಪ್ರಕಾರ ಸರದಿ ಬಂದಾಗ ಕಂಪ್ಯೂಟರು ಆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ, ಆಕೆಯ ಮೀಸಲಾತಿ ವರ್ಗದಲ್ಲಿ ಲಭ್ಯವಿರುವ ಮೊದಲ ಸೀಟನ್ನು ಹಂಚುತ್ತದೆ. ಅದಕ್ಕೂ ಮುನ್ನ ನಡೆಯುವ ಅಣಕು ಹಂಚಿಕೆ ಕೇವಲ ಅಂದಾಜು. ಪಟ್ಟಿಯನ್ನು ತಿದ್ದಿಕೊಳ್ಳಲು ದೊರೆಯುವ ಅವಕಾಶ.

ನಿಜವಾದ ಸುತ್ತಿನಲ್ಲಿ ಸೀಟು ದೊರೆತ ಮೇಲೆ ನಾಲ್ಕು ದಾರಿಗಳು ತೆರೆಯುತ್ತವೆ. ಚಾಯ್ಸ್-1 ಎಂದರೆ ಸೀಟು ಒಪ್ಪಿದೆ, ಶುಲ್ಕ ಕಟ್ಟಿ ಕಾಲೇಜಿಗೆ ಸೇರುತ್ತೇನೆ, ಮುಂದಿನ ಸುತ್ತು ಬೇಡ ಎಂದರ್ಥ. ಚಾಯ್ಸ್-2 ಎಂದರೆ ಸೀಟು ಇರಲಿ, ಆದರೆ ನನ್ನ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಸಿಕ್ಕರೆ ಕೊಡಿ ಎಂದು. ಚಾಯ್ಸ್-3 ಸೀಟು ಬಿಟ್ಟು ಮುಂದಿನ ಸುತ್ತಿಗೆ ಕಾಯುವುದು, ಚಾಯ್ಸ್-4 ಪ್ರಕ್ರಿಯೆಯಿಂದಲೇ ಹೊರನಡೆಯುವುದು. ಶುಲ್ಕದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಓದಬೇಕು. ಅಣ್ಣ ಹೋದ ವರ್ಷ ಹೇಳಿದ್ದನ್ನು ನಂಬುವಂತಿಲ್ಲ.

ಎಲ್ಲರೂ ‘ಸುರಕ್ಷಿತ’ ಎಂದು ತಿಳಿದಿರುವುದು ಚಾಯ್ಸ್-2ನ್ನು. ಎಡವುವುದೂ ಅಲ್ಲಿಯೇ. ಬಾಳೂರು ಕಡೆಯ ಐದೆಕರೆ ತೋಟದ ಮನೆಯ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳಿಗೆ ಮನಸ್ಸಿರುವುದು ಮೂಡಿಗೆರೆಯ ಮೇಲೆ. ಆದರೂ ‘ಬೆಂಗಳೂರು ದೊಡ್ಡದಲ್ಲವೇ’ ಎಂಬ ನೆಂಟರ ಮಾತಿಗೆ ಜಿಕೆವಿಕೆಯನ್ನು ಮೊದಲು ಬರೆದು ಮೂಡಿಗೆರೆಯನ್ನು ಎರಡನೆಯದಾಗಿಸಿದ್ದಾಳೆ. ಮೊದಲ ಸುತ್ತಿನಲ್ಲಿ ಮೂಡಿಗೆರೆ ದೊರೆಯುತ್ತದೆ. ನೋಡೋಣ ಎಂದು ಚಾಯ್ಸ್-2 ಒತ್ತುತ್ತಾಳೆ. ಮುಂದಿನ ಸುತ್ತಿನಲ್ಲಿ ಜಿಕೆವಿಕೆ ಸೀಟು ಬಂದಿತೆಂದರೆ ಮೂಡಿಗೆರೆಯ ಸೀಟು ತಾನಾಗಿಯೇ ರದ್ದಾಗುತ್ತದೆ, ಅದು ಬೇರೆಯವರ ಪಾಲಾಗುತ್ತದೆ. ಹಿಂದಿರುಗುವ ದಾರಿ ಇಲ್ಲ.

ಆದ್ದರಿಂದ ಕೈಯಲ್ಲಿರುವ ಸೀಟಿಗಿಂತ ಹೆಚ್ಚಾಗಿ ಬೇಕೆನಿಸದ ಯಾವುದೂ ಪಟ್ಟಿಯಲ್ಲಿ ಅದರ ಮೇಲೆ ಉಳಿಯಬಾರದು. ಸುತ್ತುಗಳ ನಡುವೆ ಆಯ್ಕೆಗಳನ್ನು ತೆಗೆದುಹಾಕಲು ಸಾಮಾನ್ಯವಾಗಿ ಅವಕಾಶವಿರುತ್ತದೆ, ಬಳಸಿಕೊಳ್ಳಬೇಕು. ಇದಕ್ಕೆ ತದ್ವಿರುದ್ಧವಾದ ಭಯವೂ ಒಂದಿದೆ: ಕಷ್ಟದ ಕಾಲೇಜನ್ನು ಮೊದಲು ಬರೆದರೆ ಸುಲಭದ್ದೂ ಕೈತಪ್ಪೀತು ಎಂಬುದು. ಇದು ಸುಳ್ಳು. ಮೇಲಿನ ಆಯ್ಕೆ ಸಿಗದಿದ್ದರೆ ಕೆಳಗಿನದಕ್ಕೆ ಇರುವ ಅರ್ಹತೆ ಕಿಂಚಿತ್ತೂ ಕುಂದುವುದಿಲ್ಲ.

ಅಮೆರಿಕದ ಹಲವು ವಿಶ್ವವಿದ್ಯಾಲಯಗಳ ‘ಅರ್ಲಿ ಡಿಸಿಷನ್’ ಪದ್ಧತಿ ಹಾಗಲ್ಲ. ಅಲ್ಲಿ ಕಾರ್ನೆಲ್‌ಗೆ ಹಾಗೆ ಅರ್ಜಿ ಹಾಕಿದವರು ಪೆನ್ಸಿಲ್ವೇನಿಯಾಕ್ಕೂ ಅದೇ ರೀತಿ ಹಾಕುವಂತಿಲ್ಲ. ನವೆಂಬರಿನ ಆರಂಭದಲ್ಲಿ ವಿದ್ಯಾರ್ಥಿ, ಪೋಷಕರು, ಶಾಲೆಯವರು ಸಹಿ ಹಾಕಬೇಕು. ಡಿಸೆಂಬರಿನಲ್ಲಿ ಪ್ರವೇಶ ದೊರೆತರೆ ಉಳಿದ ಅರ್ಜಿಗಳನ್ನೆಲ್ಲ ಹಿಂಪಡೆಯಬೇಕು. ಆರ್ಥಿಕ ನೆರವು ಸಾಲದಾದಾಗ ಮಾತ್ರ ಬಿಡುಗಡೆ. ಅಲ್ಲಿ ಅವಕಾಶ ಎಷ್ಟಿದೆ ಎಂದು ಊಹಿಸಿ ಪಣ ಕಟ್ಟಬೇಕು. ನಮ್ಮಲ್ಲಿ ಮನಸ್ಸಿನಲ್ಲಿರುವುದನ್ನು ಇದ್ದಂತೆ ಬರೆದರೆ ಸಾಕು. ಈ ಮಟ್ಟಿಗೆ ನಮ್ಮ ಪದ್ಧತಿಯೇ ಮೇಲು.

ಹಾಗಾದರೆ ಮನಸ್ಸಿನಲ್ಲಿ ಏನಿರಬೇಕು? ಕಾಲೇಜಿನ ಹೆಸರಿಗಿಂತ ನಾಲ್ಕು ವರ್ಷದ ಬಳಿಕದ ದಾರಿಯನ್ನು ನೋಡುವುದು ಲೇಸು. ಬಿಎಸ್ಸಿ ಕೃಷಿಯಲ್ಲಿ ಬೆಳೆಶಾಸ್ತ್ರ, ಮಣ್ಣು, ಕೀಟ, ರೋಗ, ಅರ್ಥಶಾಸ್ತ್ರ ಎಲ್ಲವೂ ಅಗಲವಾಗಿ ಬರುತ್ತವೆ. ಜಿಕೆವಿಕೆಯಲ್ಲಿ ಅಲ್ಲಿಯೇ ಸ್ನಾತಕೋತ್ತರ, ಪಿಎಚ್‌ಡಿ ವಿಭಾಗಗಳಿರುವುದರಿಂದ ಸಂಶೋಧನೆಯತ್ತ ಒಲವುಳ್ಳವರಿಗೆ ಅದು ಸಹಜ ಆಯ್ಕೆ. ತೋಟಗಾರಿಕೆಯಲ್ಲಿ ಹಣ್ಣು, ತರಕಾರಿ, ಹೂವಿನ ಜೊತೆಗೆ ಸಾಂಬಾರ ಮತ್ತು ತೋಟದ ಬೆಳೆಗಳೇ ವಿಷಯ. ಕಳಸ, ಹೊರನಾಡು ಭಾಗದ ಅಡಿಕೆಗೆ ಎಲೆಚುಕ್ಕೆ ರೋಗ ಬಡಿದಿರುವಾಗ, ಕಾಳುಮೆಣಸಿನ ಬಳ್ಳಿ ಸೊರಗುತ್ತಿರುವಾಗ ಆ ಓದಿನ ಬೆಲೆ ತೋಟದ ಮನೆಯವರಿಗೆ ಬೇರೆ ಹೇಳಬೇಕಿಲ್ಲ. 1925ರಿಂದ ಕಾಫಿ ಸಂಶೋಧನೆ ನಡೆದಿರುವ ಬಾಳೆಹೊನ್ನೂರೂ ಇದೇ ಜಿಲ್ಲೆಯದು. ಸರ್ಕಾರಿ ನೌಕರಿಯ ಗುರಿಯಿದ್ದವರು ಕೃಷಿ ಇಲಾಖೆ, ತೋಟಗಾರಿಕೆ ಇಲಾಖೆಗಳ ಹುದ್ದೆಗಳಿಗೆ ಬೇರೆ ಬೇರೆ ಅರ್ಹತೆ ಕೇಳುವುದನ್ನು ಗಮನಿಸಬೇಕು. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಎರಡೂ ಪದವಿಗಳು ನಡೆಯುತ್ತವೆ.

ತೋಟಕ್ಕೆ ಮರಳುವ ಇರಾದೆಯಿದ್ದರೆ ಮೂಡಿಗೆರೆಯನ್ನು ಮೊದಲು ಬರೆದು, ಸಿಕ್ಕೊಡನೆ ಚಾಯ್ಸ್-1 ಒತ್ತುವುದರಲ್ಲಿ ಹಿಂಜರಿಕೆಗೆ ಕಾರಣವಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಕೃಷಿಕರ ಕೋಟಾ ಬಯಸುವವರು ತಹಸೀಲ್ದಾರರ ಪ್ರಮಾಣಪತ್ರವನ್ನು ಮೊದಲೇ ಪಡೆದಿರಬೇಕು, ಪ್ರಾಯೋಗಿಕ ಪರೀಕ್ಷೆಗೂ ಹಾಜರಾಗಿರಬೇಕು. ಲಾಗಿನ್ ವಿವರ, ಪಾಸ್‌ವರ್ಡ್‌ಗಳನ್ನು ಸೈಬರ್ ಅಂಗಡಿಯಲ್ಲಿ ಬಿಟ್ಟು ಬರುವುದು ಬೇಡ. 2024ರಲ್ಲಿ ಬಯಲಾದ ಇಂಜಿನಿಯರಿಂಗ್ ಸೀಟು ತಡೆ ದಂಧೆಯಲ್ಲಿ ಅಭ್ಯರ್ಥಿಗಳ ಲಾಗಿನ್ ಬಳಸಿ ಬೇರೆಯವರೇ ಆಯ್ಕೆ ನಮೂದಿಸಿದ್ದ ಆರೋಪದ ಮೇಲೆ ಪೊಲೀಸ್ ಪ್ರಕರಣ ದಾಖಲಾಗಿತ್ತು. ಇನ್ನು ಕಳಸ, ಸಂಸೆ ಕಡೆ ಗಾಳಿಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವುದು ಹೊಸದಲ್ಲ. ಕೊನೆಯ ದಿನಕ್ಕೆ ಕಾಯದೆ, ಒಂದೆರಡು ದಿನ ಮುಂಚಿತವಾಗಿ ಮೂಡಿಗೆರೆಗೋ ಚಿಕ್ಕಮಗಳೂರಿಗೋ ಬಂದು ಚಾಯ್ಸ್ ದಾಖಲಿಸಿ, ಅದರ ಮುದ್ರಿತ ಪ್ರತಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು.