ಕಲ್ಲಿಗೆ ಹೊಳಪು, ಶ್ವಾಸಕೋಶಕ್ಕೆ ರಕ್ಷಣೆ

ಗುಜರಾತಿನ ಖಂಭಾತ್ ಪಟ್ಟಣವು ಅಗೇಟ್ ಶಿಲೆಯ ಮಣಿಗಳಿಗೆ ಹೆಸರಾದುದು. ಅಲ್ಲಿಯವರು ಈ ಕಲ್ಲನ್ನು 'ಅಕೀಕ್' ಎನ್ನುತ್ತಾರೆ. ಈ ಕಸುಬು ಎಷ್ಟು ಪ್ರಾಚೀನವೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಕನ್ನಡಿಗರೊಬ್ಬರಿರುವುದು ಅಭಿಮಾನದ ಸಂಗತಿ. ಪುರಾತತ್ತ್ವಜ್ಞ ಶಿಕಾರಿಪುರ ರಂಗನಾಥ ರಾವ್ (1922-2013) ಅವರು 1954ರಲ್ಲಿ ಶೋಧಿಸಿದ ಲೋಥಲ್‌ನ ಉತ್ಖನನದಲ್ಲಿ ಹರಪ್ಪ ಕಾಲದ ಮಣಿ ಕಾರ್ಖಾನೆಯೊಂದು ಬೆಳಕಿಗೆ ಬಂದಿತು.

ಹಿಂದೆ ಖಂಭಾತಿನಲ್ಲಿ ಮಣಿಗಳನ್ನು ತೊಗಲಿನ ಚೀಲದಲ್ಲಿ ಕಲ್ಲಿನ ಪುಡಿ ಮತ್ತು ನೀರಿನೊಡನೆ ತುಂಬಿ, ಇಬ್ಬರು ಎದುರುಬದುರು ಕುಳಿತು ದಿನಗಟ್ಟಲೆ ಉರುಳಾಡಿಸಿ ಹೊಳಪು ತರುತ್ತಿದ್ದರು. ಇಂದು ಆ ಕೆಲಸವನ್ನು ವಿದ್ಯುಚ್ಛಕ್ತಿಯಿಂದ ಮೆಲ್ಲಗೆ ತಿರುಗುವ ಪೀಪಾಯಿ ಮಾಡುತ್ತದೆ. ಅದರ ಪುಟ್ಟ ಮಾದರಿಗಳು ಹವ್ಯಾಸಿಗಳ ಮನೆಗಳಿಗೂ ಬಂದಿವೆ. ಯಂತ್ರ ಸರಳವೇ, ಆದರೆ ಪೀಪಾಯಿಯನ್ನು ತುಂಬುವ ಕ್ರಮವನ್ನು ಅರಿಯದಿದ್ದರೆ ವಾರಗಳ ಶ್ರಮ ನಿಷ್ಫಲವಾಗುತ್ತದೆ.

ಮೊದಲನೆಯದು ಕಲ್ಲುಗಳ ಆಯ್ಕೆ. ಒಂದು ಪೀಪಾಯಿಗೆ ಸಮಾನ ಗಡಸುತನದ ಕಲ್ಲುಗಳನ್ನೇ ಹಾಕಬೇಕು. ಮೋಸ್ ಮಾಪನದಲ್ಲಿ ಅಗೇಟ್ ಮತ್ತು ಜಾಸ್ಪರ್‌ಗಳ ಗಡಸು ಸುಮಾರು 7. ಅಮೃತಶಿಲೆಯದು ಸುಮಾರು 3. ಇವೆರಡನ್ನೂ ಕೂಡಿಸಿದರೆ ಮೆದು ಕಲ್ಲು ಸವೆದು ಕೆಸರಾಗುತ್ತದೆ. ಆದರೆ ಗಾತ್ರದಲ್ಲಿ ಮಾತ್ರ ವೈವಿಧ್ಯವಿರಬೇಕು. ಸಣ್ಣ ಕಲ್ಲುಗಳು ದೊಡ್ಡವುಗಳ ನಡುವಿನ ಸಂದಿಗಳನ್ನು ತುಂಬಿ, ಉಜ್ಜುವ ಪುಡಿಯನ್ನು ಎಲ್ಲೆಡೆಗೂ ಒಯ್ಯುತ್ತವೆ. ಬಿರುಕು ಬಿಟ್ಟ ಕಲ್ಲನ್ನು ಆರಿಸಿ ತೆಗೆಯಬೇಕು. ಒಡೆದ ಚೂರು ಉಳಿದವನ್ನು ಗೀರುತ್ತದೆ.

ಎರಡನೆಯದು ಪ್ರಮಾಣ. ಪೀಪಾಯಿಯ ಮೂರರಲ್ಲಿ ಎರಡು ಪಾಲಿನಿಂದ ನಾಲ್ಕರಲ್ಲಿ ಮೂರು ಪಾಲಿನವರೆಗೆ ಕಲ್ಲು ತುಂಬಿರಬೇಕು. ಕಡಿಮೆಯಾದರೆ ಕಲ್ಲುಗಳು ಮೇಲಿನಿಂದ ಬಿದ್ದು ಜಜ್ಜಿಹೋಗುತ್ತವೆ. ಹೆಚ್ಚಾದರೆ ಜಾರಿ ಉರುಳಲು ಸ್ಥಳವಿಲ್ಲದೆ ಸವೆಯುವುದೇ ಇಲ್ಲ. ಅನಂತರ ಅರ್ಧ ಕಿಲೋ ಕಲ್ಲಿಗೆ ಸುಮಾರು ಎರಡು ದೊಡ್ಡ ಚಮಚದಂತೆ 60/90 ಅಂಕದ ಒರಟು ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಸೇರಿಸಬೇಕು. ನೀರು ಮೇಲ್ಪದರದ ಕಲ್ಲುಗಳ ಬುಡಕ್ಕೆ ಮುಟ್ಟಿದರೆ ಸಾಕು. ಮುಚ್ಚಳದ ಅಂಚನ್ನು ಒರಸಿ ಬಿಗಿಯಾಗಿ ಮುಚ್ಚಬೇಕು. ಸಮವಾದ ಸರಸರ ಸದ್ದು ಬಂದರೆ ತುಂಬಿದ್ದು ಸರಿಯೆಂದು ತಿಳಿಯಬಹುದು. ಕಟಕಟ ಬಡಿತವು ಕೊರತೆಯ ಸೂಚನೆ.

ಸಾಮಾನ್ಯವಾಗಿ ನಾಲ್ಕು ಹಂತಗಳು, ಒಂದೊಂದಕ್ಕೆ ಸುಮಾರು ಒಂದು ವಾರ: ಒರಟು ಪುಡಿ, 120/220, 500, ಕೊನೆಗೆ ಅಲ್ಯುಮಿನಿಯಂ ಆಕ್ಸೈಡ್. ಪ್ರತಿ ಹಂತದ ನಂತರವೂ ಕಲ್ಲನ್ನೂ ಪೀಪಾಯಿಯನ್ನೂ ನಿಷ್ಠುರವಾಗಿ ತೊಳೆಯಬೇಕು. ಒರಟು ಪುಡಿಯ ಒಂದೇ ಕಣ ಉಳಿದರೂ ಕೊನೆಯ ಹೊಳಪು ಕೆಡುತ್ತದೆ. ಕಲ್ಲು ಸವೆದು ಪೀಪಾಯಿಯ ಮಟ್ಟ ಇಳಿದಾಗ ಪಿಂಗಾಣಿ ತುಂಡುಗಳಿಂದ ಆ ಕೊರತೆಯನ್ನು ಭರ್ತಿ ಮಾಡಬೇಕು. ಹಳೆಯ ಲೆಕ್ಕವನ್ನು ಚುಕ್ತಾ ಮಾಡದೆ ಹೊಸ ಲೆಕ್ಕ ತೆರೆಯುವ ಆತುರ ಇಲ್ಲಿ ಸಲ್ಲದು.

ಈ ಹವ್ಯಾಸದ ಗಂಭೀರ ಪಾಠ ಆರೋಗ್ಯದ್ದು. ಖಂಭಾತಿನಲ್ಲಿ ಮನೆಯಂಗಳದಲ್ಲೇ ಒಣ ಸಾಣೆಚಕ್ರಕ್ಕೆ ಕಲ್ಲು ಹಿಡಿದ ಅನೇಕ ಕೆಲಸಗಾರರಿಗೆ ಸಿಲಿಕೋಸಿಸ್ ತಗುಲಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವೈದ್ಯರು ಈ ಪಿಡುಗನ್ನು ಅಧ್ಯಯನ ಮಾಡಿದ್ದಾರೆ. ಅಗೇಟ್ ಎಂದರೆ ಬಹುಪಾಲು ಸಿಲಿಕವೇ. ಅದರ ಕಣ್ಣಿಗೆ ಕಾಣದ ಧೂಳು ಶ್ವಾಸಕೋಶದ ಆಳಕ್ಕಿಳಿದು, ಅಲ್ಲಿನ ಮೃದು ಅಂಗಾಂಶವನ್ನು ಗಾಯದ ಕಲೆಯಂತೆ ಗಟ್ಟಿಯಾಗಿಸುತ್ತದೆ. ಒಮ್ಮೆ ಬಂದ ಈ ರೋಗವನ್ನು ವಾಸಿಮಾಡುವ ಔಷಧವಿಲ್ಲ. ಕ್ಷಯದ ಅಪಾಯವೂ ಹೆಚ್ಚುತ್ತದೆ. ಮಣಿ ತೊಡುವವರ ಕೊರಳಿನ ಹೊಳಪಿಗೆ ಮಣಿ ಮಾಡುವವರು ತೆತ್ತ ಬೆಲೆ ಇದು.

ಪೀಪಾಯಿಯಲ್ಲಿ ನೀರಿರುವುದರಿಂದ ಧೂಳು ಏಳದು. ಅದೇ ಅದರ ದೊಡ್ಡ ಗುಣ. ಆದರೆ ಕೆಸರು ಒಣಗಿದರೆ ಅಪಾಯ ಮರಳಿ ಬರುತ್ತದೆ. ಆದುದರಿಂದ ಚೆಲ್ಲಿದ ಕೆಸರನ್ನು ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ಒರಸಬೇಕು; ಒಣಗಿದ ಮೇಲೆ ಪೊರಕೆಯಿಂದ ಗುಡಿಸಲೇಬಾರದು. ಅದನ್ನು ಬಚ್ಚಲಿಗೆ ಸುರಿದರೆ ಕೊಳವೆಯಲ್ಲಿ ಗಾರೆಯಂತೆ ಕಟ್ಟಿಕೊಂಡು, ಕೆಳಮಹಡಿಯವರ ಮನೆಗೂ ತೊಂದರೆಯಾದೀತು. ಬಕೆಟ್ಟಿನಲ್ಲಿ ತಂಗಲು ಬಿಟ್ಟು, ಗಟ್ಟಿ ಭಾಗವನ್ನು ಹಸಿಯಾಗಿಯೇ ಕಟ್ಟಿ ಕಸಕ್ಕೆ ಹಾಕುವುದು ಲೇಸು. ಅಡಿಗೆಯ ಚಮಚ, ಪಾತ್ರೆಗಳನ್ನು ಇದಕ್ಕೆ ಬಳಸಬಾರದು. ಮಕ್ಕಳು ಮನೆಯಲ್ಲಿ ಒಣ ಕಲ್ಲು ಒಡೆಯುವುದನ್ನು ಬಿಡಿಸಬೇಕು.

ರಜೆಯಲ್ಲಿ ಊರಿಗೆ ಹೋದಾಗ ಕೃಷ್ಣೆಯ ಅಥವಾ ಭೀಮೆಯ ದಂಡೆಯಿಂದ ಜೇಬಿನಲ್ಲಿ ತಂದ ನಾಲ್ಕು ಕಲ್ಲುಗಳು ನಗರದ ಮನೆಯ ಮೇಜಿನ ಮೇಲೆ ಮಿನುಗುವುದು ಸಂತೋಷವೇ. ನದಿ ಎಷ್ಟೋ ಕಾಲದಲ್ಲಿ ಮಾಡುವುದನ್ನು ಪೀಪಾಯಿ ಒಂದು ತಿಂಗಳಿನಲ್ಲಿ ಮಾಡುತ್ತದೆ. ನದಿಯಂತೆಯೇ ಅದಕ್ಕೂ ನೀರು ಬೇಕು, ಸಾವಧಾನ ಬೇಕು. ಇವೆರಡಿದ್ದರೆ ಕಲ್ಲಿಗೂ ಕಾಂತಿ, ಮನೆಮಂದಿಗೂ ಕ್ಷೇಮ.