ವಿಂಡೋಸ್ ಇದ್ದಲ್ಲೇ ಇರಲಿ, ಪಕ್ಕಕ್ಕೆ ಲಿನಕ್ಸ್ ಬರಲಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಭದ್ರತಾ ಅಪ್‌ಡೇಟ್‌ಗಳು ಅಲ್ಲಿಂದ ಒಂದು ವರ್ಷ ಸಿಗುತ್ತವೆ, ಅಷ್ಟೇ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದು ಟಿಪಿಎಂ 2.0 ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಕೇಳುತ್ತದೆ. ಅಂದರೆ 2017ಕ್ಕಿಂತ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಅಧಿಕೃತವಾಗಿ ಬಾಗಿಲು ಮುಚ್ಚಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿರುವುದು ಹೆಚ್ಚಾಗಿ ಇಂಥವೇ. ಅಣ್ಣನೋ ಅಕ್ಕನೋ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಹೊಸದು ಕೊಂಡಾಗ ಹಳೆಯದು ಊರಿಗೆ ಬರುತ್ತದೆ. ಪದವಿ ಓದುವ ತಂಗಿಯ ಪಾಠ, ಅಪ್ಪನ ಅಡಿಕೆ ಲೆಕ್ಕ, ಸಂಘದ ನೋಟಿಸು ಎಲ್ಲವೂ ಅದರಲ್ಲೇ ನಡೆಯುತ್ತದೆ. ಈ ಯಂತ್ರಗಳನ್ನು ಏನು ಮಾಡಬೇಕೆಂದು ಕೇಳಿದರೆ ಎರಡು ಉತ್ತರ ಸಿದ್ಧವಾಗಿರುತ್ತವೆ: ಗುಜರಿಗೆ ಹಾಕಿ ಹೊಸದು ಕೊಳ್ಳಿ, ಇಲ್ಲವೇ ಎಲ್ಲ ಅಳಿಸಿ ಲಿನಕ್ಸ್ ಹಾಕಿ. ಮೊದಲನೆಯದು ದುಬಾರಿ. ಎರಡನೆಯದು ಕಲಿಯುವವರನ್ನು ಹೆದರಿಸಿ ಓಡಿಸುತ್ತದೆ. ಹೊಸಬರಿಗೆ ಸರಿಯಾದ ದಾರಿ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಇಟ್ಟು, ಎರಡಕ್ಕೂ ಕೆಲಸ ಹಂಚುವುದು ಎಂಬುದು ನನ್ನ ವಾದ.

ವಿಂಡೋಸ್ ಯಾಕೆ ಉಳಿಯಬೇಕು ಎನ್ನುವುದಕ್ಕೆ ಮಲೆನಾಡಿನಲ್ಲೇ ಕಾರಣಗಳಿವೆ. ಇಲ್ಲಿನ ಡಿಟಿಪಿ ಅಂಗಡಿ, ದೇವಸ್ಥಾನ ಸಮಿತಿ, ಸೊಸೈಟಿಗಳ ಹತ್ತಿಪ್ಪತ್ತು ವರ್ಷದ ಕಾಗದಪತ್ರಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿವೆ. ಅವು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅಕ್ಷರದ ಬದಲು ಚಿಹ್ನೆಗಳ ರಾಶಿ ಕಾಣುತ್ತದೆ. ಅರವಿಂದ ವಿ.ಕೆ. ಅವರು ರೂಪಿಸಿದಂಥ ಪರಿವರ್ತಕಗಳು ಪಠ್ಯವನ್ನು ಯೂನಿಕೋಡ್‌ಗೆ ತರುತ್ತವೆ, ಆದರೆ ಕೋಷ್ಟಕ, ಅಂಕಣ, ಲೆಟರ್‌ಹೆಡ್ ಇರುವ ಕಡತವನ್ನು ಒಂದೇ ಸಲಕ್ಕೆ ತರಲಾಗದು. ಟ್ಯಾಲಿಯಂಥ ಲೆಕ್ಕದ ತಂತ್ರಾಂಶವೂ ವಿಂಡೋಸ್‌ಗೇ ಬರೆದದ್ದು. ಹಾಗಾದರೆ ಅಪ್‌ಡೇಟ್ ನಿಂತ ವಿಂಡೋಸ್ ಇಟ್ಟುಕೊಳ್ಳುವುದು ಅಪಾಯವಲ್ಲವೇ ಎಂದು ಯಾರಾದರೂ ಕೇಳುವುದು ನ್ಯಾಯವೇ. ಕೆಲಸ ಹಂಚಬೇಕು ಎಂದದ್ದು ಅದಕ್ಕಾಗಿಯೇ. ಅಪಾಯ ಬರುವುದು ಬಹುಪಾಲು ಇಂಟರ್ನೆಟ್‌ನಿಂದ. ಬ್ಯಾಂಕು, ಇಮೇಲ್, ಓದು, ಬ್ರೌಸಿಂಗ್ ಎಲ್ಲವನ್ನೂ ಲಿನಕ್ಸ್‌ಗೆ ದಾಟಿಸಿ, ವಿಂಡೋಸ್‌ನಲ್ಲಿ ವೈ-ಫೈ ಆಫ್ ಮಾಡಿ ಹಳೆಯ ಕಡತ, ಪ್ರಿಂಟರ್‌ಗಷ್ಟೇ ಬಳಸಿದರೆ ಅದರ ಹಳತನ ಹೆಚ್ಚು ಕಾಡದು. ಇತ್ತ ಲಿನಕ್ಸ್‌ನ ಉಬುಂಟು 24.04 ಆವೃತ್ತಿಗೆ 2029ರವರೆಗೆ ಬೆಂಬಲವಿದೆ. ಅದನ್ನೇ ಆಧರಿಸಿದ ಲಿನಕ್ಸ್ ಮಿಂಟ್ 22 ನೋಡಲು ವಿಂಡೋಸ್‌ನಂತೆಯೇ ಇದ್ದು ಹಳೆಯ ಯಂತ್ರಕ್ಕೆ ಹಗುರ. ಕೆ.ಪಿ. ರಾವ್ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ ಅದರಲ್ಲೇ ಇರುವುದರಿಂದ ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದ್ದು ಕಡಿಮೆ.

ಹಾಕುವ ಕೆಲಸದಲ್ಲಿ ಎಡವುವ ಜಾಗಗಳು ಕೆಲವೇ, ಆದರೆ ಅಲ್ಲಿ ಆತುರ ಸಲ್ಲದು. ಎಲ್ಲಕ್ಕಿಂತ ಮೊದಲು ಫೋಟೊ, ಕಡತಗಳ ಪ್ರತಿ ಬೇರೊಂದು ಡಿಸ್ಕ್‌ಗೆ ಹೋಗಬೇಕು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಡಬೇಕು. ಕೀಲಿಯಿಲ್ಲದೆ ಬೂಟ್ ವ್ಯವಸ್ಥೆ ಮುಟ್ಟಿದರೆ ವಿಂಡೋಸ್ ಅದನ್ನು ಕೇಳಿ ನಿಂತುಬಿಡಬಹುದು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು, ಯಾಕೆಂದರೆ ಅದು ವಿಂಡೋಸನ್ನು ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿ ಇಡುತ್ತದೆ, ಆ ಸ್ಥಿತಿಯಲ್ಲಿ ಲಿನಕ್ಸ್ ಆ ಡಿಸ್ಕಿಗೆ ಬರೆಯಲು ಹೋದರೆ ಕಡತ ಕೆಡಬಹುದು. ಲಿನಕ್ಸ್‌ಗೆ ಬೇಕಾದ ಜಾಗವನ್ನು, 50 ಜಿಬಿ ಆದರೆ ಧಾರಾಳ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಬಿಡಿಸಿಕೊಳ್ಳುವುದು ಕ್ಷೇಮ. ಖಾಲಿ ಬಿಟ್ಟ ಜಾಗವನ್ನು ಇನ್‌ಸ್ಟಾಲರ್ ಕಂಡುಕೊಳ್ಳುತ್ತದೆ. ಪಾರ್ಟಿಶನ್ ಕಿರಿದಾಗಿಸುವ ಹೊತ್ತಿನಲ್ಲಿ ಕರೆಂಟು ಹೋಗಬಾರದು. ಬೇರೆ ಊರಿನ ಮಾರ್ಗದರ್ಶಿಗಳಲ್ಲಿ ಇದು ಒಂದು ಸಾಲಿನ ಎಚ್ಚರಿಕೆ. ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದು ಗಂಟೆಗಟ್ಟಲೆ ಕತ್ತಲಾಗುವ ಆಗುಂಬೆ, ನಗರ ಸೀಮೆಯಲ್ಲಿ ಇದೇ ಮುಖ್ಯ ಮಾತು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ ಯುಪಿಎಸ್ ಇರುವ ಮನೆಗೆ ಒಯ್ದು ಮಾಡಿ, ಇಲ್ಲವೇ ಮಳೆ ಬಿಡುವವರೆಗೆ ಕಾಯಿರಿ. ಎಲ್ಲ ಮುಗಿದ ಮೇಲೆ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಿದರೆ ಗಾಬರಿ ಬೇಡ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಲಿನಕ್ಸ್ ಟರ್ಮಿನಲ್‌ನಲ್ಲಿ ಒಂದು ಸಾಲಿನ ಆದೇಶ ಕೊಟ್ಟರೆ ಇದು ಸರಿಹೋಗುತ್ತದೆ.

ಇಷ್ಟೆಲ್ಲ ತಾಪತ್ರಯ ಯಾಕೆ, ವಿಂಡೋಸ್ ಒಳಗೇ ವರ್ಚುವಲ್ ಯಂತ್ರವಾಗಿ ಲಿನಕ್ಸ್ ಓಡಿಸಬಹುದಲ್ಲ ಎನ್ನುವವರಿದ್ದಾರೆ. 16 ಜಿಬಿ ರ್‍ಯಾಮ್ ಇದ್ದವರಿಗೆ ಆ ಮಾತು ಸರಿ. 4 ಜಿಬಿಯ ಯಂತ್ರದಲ್ಲಿ ಎರಡು ವ್ಯವಸ್ಥೆ ಒಟ್ಟಿಗೆ ಓಡಿದರೆ ಎರಡೂ ಕುಂಟುತ್ತವೆ, ಕಲಿಯುವವರು ಲಿನಕ್ಸೇ ನಿಧಾನವೆಂದು ತಪ್ಪಾಗಿ ತಿಳಿಯುತ್ತಾರೆ. ಪಕ್ಕಪಕ್ಕದಲ್ಲಿ ಹಾಕಿದಾಗ ಒಂದು ಸಲಕ್ಕೆ ಓಡುವುದು ಒಂದೇ, ಯಂತ್ರದ ಪೂರ್ತಿ ಬಲ ಅದಕ್ಕೆ ಸಿಗುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಎರಡು ವ್ಯವಸ್ಥೆ ಒಂದೇ ಡಿಸ್ಕಿನಲ್ಲಿದ್ದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಇದು ಬರೀ ಭಯವಲ್ಲ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಒಂದು ಸೆಕ್ಯೂರ್ ಬೂಟ್ ಪಟ್ಟಿಯನ್ನು ಬದಲಿಸಿದ್ದರಿಂದ ಪಕ್ಕದಲ್ಲಿದ್ದ ಎಷ್ಟೋ ಲಿನಕ್ಸ್‌ಗಳು ಬೂಟ್ ಆಗಲೇ ಇಲ್ಲ. ಆದರೆ ಆಗ ಕೆಟ್ಟದ್ದು ಬಾಗಿಲು ಮಾತ್ರ, ಒಳಗಿನ ಕಡತಗಳು ಹಾಗೇ ಇದ್ದವು. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿದವರು ಒಳಗೆ ಹೋಗಿ ಸರಿಪಡಿಸಿಕೊಂಡರು. ವಿಂಡೋಸ್ ತನ್ನನ್ನೇ ಮೊದಲ ಸ್ಥಾನಕ್ಕೆ ತಂದುಕೊಳ್ಳುವುದೂ ಉಂಟು, ಬಯಾಸ್‌ನಲ್ಲಿ ಕ್ರಮ ಬದಲಿಸಿದರೆ ಮುಗಿಯಿತು. ತಪ್ಪಾದರೆ ಹಿಂದೆ ಹೋಗಬಹುದೆಂಬ ಧೈರ್ಯ ಇದ್ದವರು ಮುಂದೆ ಹೋಗುತ್ತಾರೆ. ಒಂದು ಸಂಜೆ ಲಿನಕ್ಸ್‌ನಲ್ಲಿ ಪ್ರಿಂಟರ್ ಹಿಡಿಯಲಿಲ್ಲವೆಂದು ನಾಳೆಯ ಅಸೈನ್‌ಮೆಂಟ್ ತಪ್ಪುವಂತಾದರೆ, ಆ ವಿದ್ಯಾರ್ಥಿ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಆ ಸಂಜೆಗಾಗಿ ವಿಂಡೋಸ್ ಅಲ್ಲಿರಬೇಕು.

ಇಂಗ್ಲಿಷ್ ಬಲ್ಲ ಎಂಜಿನಿಯರ್‌ಗಳಿಗಷ್ಟೇ ಲಿನಕ್ಸ್ ಎಂಬ ಮಾತಿಗೆ ಉತ್ತರ ಕಾಸರಗೋಡಿನಲ್ಲಿದೆ. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಗ್ನು/ಲಿನಕ್ಸ್ ಆವೃತ್ತಿಯೊಂದನ್ನು ಸಿದ್ಧಪಡಿಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳು ಐಸಿಟಿ ಪಾಠವನ್ನು ಕನ್ನಡದ ಪುಸ್ತಕದಿಂದಲೇ ಓದಿ, ಅದೇ ವ್ಯವಸ್ಥೆಯ ಮೇಲೆ ಪ್ರಾಯೋಗಿಕ ಕೆಲಸ ಮಾಡುತ್ತಾರೆ. ಅವರಿಗೆ ಸಾಧ್ಯವಾದದ್ದು ತೀರ್ಥಹಳ್ಳಿಯ ತುಂಗಾ ಕಾಲೇಜಿನ, ಸಾಗರದ ಎಲ್.ಬಿ. ಕಾಲೇಜಿನ ವಿದ್ಯಾರ್ಥಿಗೆ ಕಷ್ಟವೆನ್ನಲು ಕಾರಣ ಕಾಣದು. ವ್ಯತ್ಯಾಸವಿರುವುದು ಕೇಳಿದಾಗ ಹೇಳಿಕೊಡಲು ಪಕ್ಕದಲ್ಲಿ ಒಬ್ಬರಿದ್ದಾರೋ ಇಲ್ಲವೋ ಎಂಬುದರಲ್ಲಿ. ಅಲ್ಲಿ ತರಬೇತಾದ ಮೇಷ್ಟರಿದ್ದಾರೆ. ಇಲ್ಲಿ ನಮ್ಮ ಕಾಲೇಜು ಲ್ಯಾಬ್‌ಗಳು ಆ ಜಾಗ ತುಂಬಬೇಕು.

ನೆಟ್‌ವರ್ಕಿನ ತೊಂದರೆ ನಿಜವಾದದ್ದು. ಶರಾವತಿ ಹಿನ್ನೀರಿನ ಊರುಗಳಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತುವವರಿಗೆ, ಸುಮಾರು 3 ಜಿಬಿಯ ಮಿಂಟ್, ಅದರ ಎರಡರಷ್ಟಿರುವ ಉಬುಂಟು ಇಳಿಸಿಕೊಳ್ಳಿ ಎನ್ನುವುದು ಸಲಹೆಯೇ ಅಲ್ಲ. ಆದರೆ ಈ ಕಡತವನ್ನು ಪ್ರತಿಯೊಬ್ಬರೂ ಬೇರೆ ಬೇರೆ ಇಳಿಸಿಕೊಳ್ಳಬೇಕಿಲ್ಲ. ಪ್ರತಿ ಮಾಡಿ ಹಂಚಲು ಅದರ ಪರವಾನಗಿಯೇ ಒಪ್ಪಿಗೆ ಕೊಟ್ಟಿದೆ. ಕಾಲೇಜಿನಲ್ಲಿ ಒಬ್ಬರು ಇಳಿಸಿ, ಪೆನ್‌ಡ್ರೈವ್‌ನಲ್ಲಿ ಊರೂರಿಗೆ ಕಳಿಸಬಹುದು. ಅದನ್ನು ಪಡೆದವರು ಹಾಕುವ ಮುಂಚೆ ಮಾಡಬೇಕಾದ್ದು ಒಂದಿದೆ: ಕಡತದ ಶಾ-256 ಮೊತ್ತ ಲೆಕ್ಕಹಾಕಿ, ಅದು ಮಿಂಟ್ ಅಥವಾ ಉಬುಂಟು ತಮ್ಮ ತಾಣದಲ್ಲಿ ಪ್ರಕಟಿಸಿದ ಮೊತ್ತಕ್ಕೆ ಅಕ್ಷರಶಃ ತಾಳೆಯಾಗುತ್ತದೆಯೇ ಎಂದು ನೋಡುವುದು. ಅಷ್ಟು ಸಾಲು ಮೊಬೈಲಿನಲ್ಲಿ ನೋಡಲು ಗುಡ್ಡದ ಸಿಗ್ನಲ್ ಸಾಕು.