ಹಾಡಿಗೆ ಮೊದಲು ಬೇಕಾದದ್ದು ಶುದ್ಧ ಕರೆಂಟು

ಬೆಂಗಳೂರಿನ ಸಿಂಗಾಪುರ ಬಡಾವಣೆಯಿಂದ ಎಸ್.ಪಿ. ರಸ್ತೆಗೆ ಒಂದು ಸಲ ಹೋಗಿಬಂದರೆ ಮನೆಯಲ್ಲೇ ಮ್ಯೂಸಿಕ್ ಪ್ಲೇಯರ್ ಕಟ್ಟುವ ಸಾಮಾನೆಲ್ಲ ಕೈಸೇರುತ್ತದೆ: ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್, ಮೆಮೊರಿ ಕಾರ್ಡ್, ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿಸುವ ಡ್ಯಾಕ್ ಬೋರ್ಡ್. ಡಬ್ಬಿಯ ಮೇಲಿನ 24 ಬಿಟ್, 192 ಕಿಲೋಹರ್ಟ್ಜ್ ನೋಡಿ ಡ್ಯಾಕ್‌ಗೆ ದುಡ್ಡು ಸುರಿದು, ಕರೆಂಟಿಗೆ ಮಾತ್ರ ಹಳೆಯ ಮೊಬೈಲ್ ಚಾರ್ಜರ್ ಸಿಕ್ಕಿಸುವುದು ತಪ್ಪು ಲೆಕ್ಕ.

ಸಾಮಾನ್ಯ ಸಿ.ಡಿ.ಗಾಗಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆಯುತ್ತಾರೆ. ಅಲ್ಲಿಗೆ ಅದರ ಅರ್ಧ, 22,050 ಹರ್ಟ್ಜ್‌ವರೆಗಿನ ನಾದವೆಲ್ಲ ಹಿಡಿತಕ್ಕೆ ಸಿಕ್ಕಿತು. ಎಳೆಯರ ಕಿವಿಯೂ 20,000ದ ಆಚೆ ಕೇಳದು. ಸಿ.ಡಿ.ಯ 16 ಬಿಟ್ ಎಂದರೆ 65,536 ಮೆಟ್ಟಿಲು, ಸುಮಾರು 96 ಡೆಸಿಬೆಲ್ ಹರವು. ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೆಚ್ಚಿನ ಅಂಕಿಯ ಧ್ವನಿಯನ್ನು ಸಿ.ಡಿ. ಮಟ್ಟಕ್ಕೆ ಇಳಿಸಿದಾಗ ಕೇಳುಗರು 554ರಲ್ಲಿ 276 ಬಾರಿ ಮಾತ್ರ ವ್ಯತ್ಯಾಸ ಗುರುತಿಸಿದರು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಜೋಶುವಾ ರೀಸ್ 2016ರಲ್ಲಿ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ವ್ಯತ್ಯಾಸ ತಿಳಿಯುತ್ತದೆ ಎಂದದ್ದು ನಿಜ. ಆದರೆ ಅಲ್ಲಿನ ಸರಾಸರಿ ನೂರಕ್ಕೆ 52ರ ಆಸುಪಾಸು. ಅಷ್ಟು ಕೂದಲೆಳೆಯ ಲಾಭಕ್ಕಿಂತ ಮೊದಲು ನೋಡಬೇಕಾದದ್ದು ಬೇರೆಯಿದೆ.

ಸೊನ್ನೆ ಮತ್ತು ಒಂದು ಮಾತ್ರ ಹರಿಯುವ ತಂತಿಗೆ ಕರೆಂಟಿನ ಕೊಳೆ ಏನು ಮಾಡೀತು ಎಂದು ಕೇಳುವವರಿದ್ದಾರೆ. ಡ್ಯಾಕ್‌ವರೆಗೆ ಆ ಮಾತು ಸರಿಯೇ. ಹಾಡಿನ ಫ್ಲ್ಯಾಕ್ ಕಡತದ ಒಂದು ಬಿಟ್ಟೂ ಕೆಡುವುದಿಲ್ಲ. ಡ್ಯಾಕ್ ದಾಟಿದ ಮೇಲೆ ಇರುವುದು ಅಂಕಿಯಲ್ಲ, ವೋಲ್ಟೇಜು. ಚಾರ್ಜರ್ ಒಳಗಿನ ಸ್ವಿಚ್ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಹಾಕಿ ತೆಗೆದು 5 ವೋಲ್ಟ್ ಹುಟ್ಟಿಸುತ್ತದೆ, ಅದರ ಅದುರು ತಂತಿಯಲ್ಲಿ ಉಳಿಯುತ್ತದೆ. ಪೈ ಪ್ರೊಸೆಸರ್ ಕೆಲಸ ಹೆಚ್ಚಾದಾಗ ಕರೆಂಟನ್ನು ಗಬಕ್ಕನೆ ಎಳೆಯುತ್ತದೆ. ಎರಡೂ ಅಲೆಯ ಬೆನ್ನೇರಿ ಆಂಪ್ಲಿಫೈಯರ್ ಸೇರುತ್ತವೆ. ಅಗ್ಗದ ಬೋರ್ಡುಗಳಲ್ಲಿ ಸಿಗುವ ಪಿಸಿಎಂ5102ಎ ಚಿಪ್ಪಿಗೇ ತಯಾರಕರು 112 ಡೆಸಿಬೆಲ್ ಹರವು ಹೇಳುತ್ತಾರೆ, ಆದರೆ ಅದು ಶುದ್ಧ ಕರೆಂಟು ಕೊಟ್ಟಾಗಿನ ಮಾತು. ಹಾಗಾಗಿ ಡ್ಯಾಕ್‌ಗೆಂದೇ ಕಡಿಮೆ ಗದ್ದಲದ ಲೀನಿಯರ್ ರೆಗ್ಯುಲೇಟರ್ ಇಡಬೇಕು, ಅದರ ಕಾಲಿಗೆ ಅಂಟಿದಂತೆಯೇ ಕೆಪಾಸಿಟರ್ ಬೆಸುಗೆ ಹಾಕಬೇಕು, ಗ್ರೌಂಡ್ ತಂತಿ ಗಿಡ್ಡವಿರಬೇಕು. ದುಬಾರಿ ಡ್ಯಾಕ್ ಕೊಳ್ಳುವುದಕ್ಕಿಂತ ಇದಕ್ಕೆ ಖರ್ಚು ಬಹಳ ಕಡಿಮೆ.

ಪರೀಕ್ಷೆಗೆ ತಂಬೂರಿಗಿಂತ ಒಳ್ಳೆಯ ವಾದ್ಯವಿಲ್ಲ. ರಾತ್ರಿ, ಯಲಹಂಕದ ಕಡೆಯ ವಿಮಾನಗಳ ಸದ್ದು ಅಡಗಿದ ಮೇಲೆ, ಮಂದ್ರ ಷಡ್ಜ ಮೀಟಿ ಬಿಟ್ಟ ಒಂದು ಧ್ವನಿಮುದ್ರಣ ಹಾಕಿ ವಾಲ್ಯೂಮ್ ಏರಿಸಿ. ಅದೇ ಹೊತ್ತಿಗೆ ಮೆಮೊರಿ ಕಾರ್ಡಿಗೆ ದೊಡ್ಡ ಕಡತವೊಂದನ್ನು ನಕಲಿಸಿ. ತಂತಿ ನಿಧಾನ ಆರುತ್ತಾ ಹೋಗುವಾಗ ಅದರಡಿ ಚಿರ್ರೆಂಬ ಸದ್ದು ಕೇಳಿದರೆ, ಬಿಚ್ಚಿ ನೋಡಬೇಕಾದದ್ದು ಪವರ್ ಸಪ್ಲೈ.